ಬಾದಾಮಿ ಗುಡ್ಡದ ಗೇಣುದ್ದ ಮಣ್ಣು: ಆಳ ಅಳೆದು, ಬಂಡೆಯ ಸೀಳು ಹುಡುಕಿ, ಗಿಡ ಹಚ್ಚುವ ಕ್ರಮ

ಬಾದಾಮಿ, ಗುಳೇದಗುಡ್ಡ, ಪಟ್ಟದಕಲ್ಲು, ಐಹೊಳೆ ಸುತ್ತಲಿನ ಕೆಂಪು ಮರಳುಗಲ್ಲಿನ ಗುಡ್ಡಗಳ ನೆತ್ತಿ ಚಪ್ಪಟೆ, ಅಂಚು ಕಡಿದಾದ ಗೋಡೆ, ಗೋಡೆಯ ಕೆಳಗೆ ಉರುಳಿಬಿದ್ದ ಬಂಡೆಗಳ ರಾಶಿ, ಅದರಾಚೆ ಇಳಿಜಾರಿನ ಮಸಾರಿ (ಕೆಂಪುಮಣ್ಣಿನ) ಹೊಲ. ನೆತ್ತಿಯ ಮೇಲೆ ಮಣ್ಣು ಇರುವುದೇ ಗೇಣುದ್ದ, ಎಷ್ಟೋ ಕಡೆ ಅದೂ ಇಲ್ಲ. ಇಲ್ಲಿ ಗಿಡ ಹಚ್ಚಲು ಹೊರಟವರು ಮೊದಲು ಕೇಳುವ ಪ್ರಶ್ನೆ ‘ಯಾವ ಗಿಡ ಬರುತ್ತದೆ?’ ಎಂಬುದು. ಅದಕ್ಕಿಂತ ಮುಂಚೆ ಕೇಳಬೇಕಾದ್ದು ‘ಬಂಡೆ ಎಲ್ಲಿ ಸೀಳಿದೆ?’ ಎಂದು. ಆಳ ಮತ್ತು ಸೀಳು ಇವೆರಡು ಗೊತ್ತಾದರೆ ಗಿಡದ ಆಯ್ಕೆ ಅರ್ಧ ತಾನಾಗಿಯೇ ಮುಗಿಯುತ್ತದೆ.

ಈ ಮಣ್ಣು ಏಕೆ ಇಷ್ಟು ತೆಳು

ಮರಳುಗಲ್ಲು ಎಂದರೆ ಸ್ಫಟಿಕದ ಮರಳಿನ ಕಣಗಳು ಅಂಟಿಕೊಂಡು ಗಟ್ಟಿಯಾದ ಕಲ್ಲು. ಅಂಟು ಕರಗಿದಾಗ ಉದುರುವುದು ಮತ್ತೆ ಅದೇ ಮರಳು. ಗ್ರಾನೈಟಿನಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜ ಕೊಳೆತು ಜೇಡಿಯಾಗುತ್ತದೆ, ಬಸಾಲ್ಟ್ ಕಲ್ಲು ಕೊಳೆತು ಕಪ್ಪು ಎರೆಮಣ್ಣಾಗುತ್ತದೆ. ಸ್ಫಟಿಕ ಹಾಗೆ ಕೊಳೆಯುವ ಖನಿಜವಲ್ಲ. ಆದ್ದರಿಂದ ನೀರು, ಗೊಬ್ಬರ ಹಿಡಿದಿಡುವ ಜೇಡಿಯ ಅಂಶ ಇಲ್ಲಿ ಕಡಿಮೆ. ಉದುರಿದ ಉಸುಕನ್ನು ಒಂದಕ್ಕೊಂದು ಕಟ್ಟುವ ಅಂಟೂ ಕಡಿಮೆಯಾದ್ದರಿಂದ ಒಂದು ಬಿರುಮಳೆಗೆ ಅದು ಜಾರಿ ಹೋಗುತ್ತದೆ. ಬಣ್ಣ ನೋಡಿ ಮೋಸಹೋಗಬೇಡಿ. ಕೆಂಪು ಎಂದರೆ ಕಣಗಳ ಮೇಲೆ ಕಬ್ಬಿಣದ ತುಕ್ಕಿನ ತೆಳು ಲೇಪ ಇದೆ ಎಂದಷ್ಟೇ ಅರ್ಥ, ಮಣ್ಣು ಫಲವತ್ತು ಎಂದಲ್ಲ.

ಗುಡ್ಡದ ಎಲ್ಲ ಕಲ್ಲೂ ಒಂದೇ ಅಲ್ಲ. ಈ ಸೀಮೆಯ ಕಲ್ಲುಪದರಗಳಿಗೆ ಒಟ್ಟಾಗಿ ಇರುವ ಹೆಸರು ಕಲಾದಗಿ ಶಿಲಾಸಮೂಹ. ಅದರಲ್ಲಿ ಹಳೆಯದಾದ ಬಾಗಲಕೋಟೆ ಪದರಗಳು ಮಡಿಚಿ ವಾಲಿವೆ, ಅವುಗಳಲ್ಲಿ ಗಟ್ಟಿ ಕ್ವಾರ್ಟ್‌ಜೈಟ್ (ಮರಳಿನ ಕಣಗಳು ಒಂದಾಗಿ ಬೆಸೆದುಕೊಂಡ ಕಲ್ಲು) ಇದೆ. ಅವುಗಳ ಮೇಲೆ ಕೂತ ಬಾದಾಮಿ ಪದರಗಳು ಹೆಚ್ಚುಕಡಿಮೆ ಅಡ್ಡಡ್ಡಲಾಗಿ ಮಲಗಿವೆ, ಚಪ್ಪಟೆ ನೆತ್ತಿ ಬಂದದ್ದು ಅದರಿಂದ. ಚಾಲುಕ್ಯರು ಗುಹೆ ಕೊರೆದದ್ದೂ ಇದೇ ಕಲ್ಲಿನಲ್ಲಿ. ನಡುನಡುವೆ ಜೇಡಿಪದರದ ಶೇಲ್ ಮತ್ತು ಸುಣ್ಣಕಲ್ಲು ಬರುತ್ತವೆ. ಮೂರು ಸಣ್ಣ ಪರೀಕ್ಷೆಗಳಿಂದ ಇವನ್ನು ಬೇರ್ಪಡಿಸಬಹುದು. ಒಡೆದ ಹೊಸ ಮುಖವನ್ನು ಹೆಬ್ಬೆರಳಿನಿಂದ ಉಜ್ಜಿ: ಮರಳುಗಲ್ಲಾದರೆ ಕಣ ಉದುರುತ್ತದೆ, ಕ್ವಾರ್ಟ್‌ಜೈಟ್ ಆದರೆ ಏನೂ ಉದುರುವುದಿಲ್ಲ. ನಾಲ್ಕು ಹನಿ ನೀರು ಹಾಕಿ: ಮರಳುಗಲ್ಲು ನಿಧಾನವಾಗಿ ಹೀರುತ್ತದೆ, ಕ್ವಾರ್ಟ್‌ಜೈಟ್ ಮೇಲೆ ಹನಿ ಹಾಗೇ ಕೂರುತ್ತದೆ. ಕೊನೆಗೆ, ಕೈಗವಸು ಹಾಕಿಕೊಂಡು, ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ: ನೊರೆ ಬಂದರೆ ಸುಣ್ಣ ಇದೆ, ಅಲ್ಲಿನ ಮಣ್ಣಿನ ಲೆಕ್ಕ ಬೇರೆ. ಶೇಲ್ ಇರುವ ಪಟ್ಟಿ ಸಿಕ್ಕರೆ ಗುರುತು ಹಾಕಿಕೊಳ್ಳಿ, ಅದರ ಮೇಲಿನ ಮಣ್ಣು ಸಾಮಾನ್ಯವಾಗಿ ಜಿಗುಟು, ನೀರನ್ನೂ ಹೆಚ್ಚು ಹಿಡಿಯುತ್ತದೆ.

ಆಳ ಅಳೆಯುವುದು

ಬೇಕಾದದ್ದು 12 ಮಿ.ಮೀ. ದಪ್ಪದ, ಒಂದು ಮೀಟರ್ ಉದ್ದದ ಕಬ್ಬಿಣದ ಸರಳು. ಒಂದು ತುದಿ ಚೂಪು, ಇನ್ನೊಂದು ತುದಿಗೆ ಅಡ್ಡ ಹಿಡಿಕೆ ಬೆಸುಗೆ, ಪ್ರತಿ 5 ಸೆಂ.ಮೀ.ಗೆ ಗರಗಸದ ಗೀರು. ಮಣ್ಣು ತೊಯ್ಯುವಷ್ಟು ಮಳೆ ಬಿದ್ದ ಎರಡನೆಯ ದಿನ ಹೋಗಿ. ಒಣನೆಲದಲ್ಲಿ ಗಟ್ಟಿಗಟ್ಟಿದ ಮಣ್ಣೂ ಬಂಡೆಯಂತೆಯೇ ತಡೆಯುತ್ತದೆ, ಅಳತೆ ಸುಳ್ಳಾಗುತ್ತದೆ.

ಎಕರೆಗೆ 10 ಮೀಟರ್ ಅಂತರದಲ್ಲಿ ಚುಚ್ಚಿದರೆ ಸುಮಾರು 40 ಬಿಂದು, ಒಬ್ಬರು ಚುಚ್ಚಿ ಒಬ್ಬರು ಬರೆದುಕೊಂಡರೆ ಅರ್ಧ ದಿನದ ಕೆಲಸ. 5 ಮೀಟರ್ ಅಂತರಕ್ಕೆ ಇಳಿದರೆ 160 ಬಿಂದು. ಅಷ್ಟು ಬೇಕಾಗುವುದು ಗಿಡ ಹಚ್ಚುವುದೆಂದು ನಿರ್ಧರಿಸಿದ ಜಾಗಕ್ಕೆ ಮಾತ್ರ. ಸರಳು ತಡೆದಾಗ ಅದು ಹಾಸುಬಂಡೆಯೋ ಬಿಡಿಗಲ್ಲೋ ತಿಳಿಯಲು ಒಂದು ಗೇಣು ಪಕ್ಕಕ್ಕೆ ಸರಿದು ಮತ್ತೆರಡು ಸಲ ಚುಚ್ಚಿ. ಮೂರೂ ಅಳತೆ 5 ಸೆಂ.ಮೀ. ಒಳಗೆ ಹೊಂದಿದರೆ ಬಂಡೆ. ಒಂದು ಮಾತ್ರ ಒಮ್ಮೆಗೇ 30–40 ಸೆಂ.ಮೀ. ಕೆಳಗೆ ಇಳಿದರೆ ಬೇಜಾರಾಗಬೇಡಿ, ಅಳತೆ ತಪ್ಪಿಲ್ಲ. ನಿಮಗೆ ಸೀಳು ಸಿಕ್ಕಿದೆ, ಅಲ್ಲೊಂದು ಕಡ್ಡಿ ನೆಡಿ.

ಸರಾಸರಿ ಆಳ ಎಂಬುದು ಇಲ್ಲಿ ಉಪಯೋಗಕ್ಕೆ ಬಾರದ ಲೆಕ್ಕ. ಎರಡು ಕಡೆ 5 ಸೆಂ.ಮೀ., ಒಂದು ಕಡೆ 65 ಇದ್ದರೆ ಸರಾಸರಿ 25 ಬರುತ್ತದೆ, 25 ಸೆಂ.ಮೀ. ಮಣ್ಣು ಆ ಮೂರರಲ್ಲಿ ಎಲ್ಲಿಯೂ ಇಲ್ಲ. ಬಿಂದುಗಳನ್ನು ಕಾಗದದ ಮೇಲೆ ಹಾಕಿ 10ರ ಒಳಗೆ, 10–25, 25–50, 50ರ ಮೇಲೆ ಎಂದು ನಾಲ್ಕು ಬಣ್ಣ ತುಂಬಿ. ಮುಂದಿನ ಕೆಲಸವೆಲ್ಲ ಆ ನಕ್ಷೆಯ ಮೇಲೆ.

ಎಷ್ಟು ನೀರು ಹಿಡಿದೀತು

ಪ್ರತಿ ಬಣ್ಣದ ಜಾಗದಲ್ಲಿ ಒಂದೊಂದು ತಗ್ಗು ತೋಡಿ, ಅಗಲ 60 ಸೆಂ.ಮೀ., ಆಳ ಬಂಡೆಯವರೆಗೆ. ಕಲ್ಲಿನ ಪಾಲು ಅಳೆಯಲು ಅದರ ಪಕ್ಕ ಒಂದು ಗೇಣಿನ ಚೌಕ ಕುಳಿ ಮಾಡಿ ಮಣ್ಣನ್ನೆಲ್ಲ ಬುಟ್ಟಿಗೆ ತೆಗೆಯಿರಿ. ಕುಳಿಗೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚಿನ ಮಟ್ಟದವರೆಗೆ ಲೀಟರ್ ಅಳತೆಯಲ್ಲಿ ನೀರು ಸುರಿಯಿರಿ. ಅದು ಕುಳಿಯ ನಿಜವಾದ ಗಾತ್ರ. ತೆಗೆದ ಮಣ್ಣನ್ನು 2 ಮಿ.ಮೀ. ಜರಡಿಯಲ್ಲಿ ಆಡಿಸಿ, ಉಳಿದ ಹರಳು-ಕಲ್ಲನ್ನು ನೀರು ತುಂಬಿದ ಬಕೆಟ್‌ಗೆ ಹಾಕಿ, ಹೊರಚೆಲ್ಲಿದ ನೀರನ್ನು ಅಳೆಯಿರಿ. ಕುಳಿ 8 ಲೀಟರ್, ಚೆಲ್ಲಿದ್ದು 2.4 ಲೀಟರ್ ಆದರೆ ಕಲ್ಲು ಶೇ. 30. ಬುಟ್ಟಿಯಲ್ಲಿರುವ ಮಣ್ಣಿನ ಗಾತ್ರವನ್ನೇ ಲೆಕ್ಕಕ್ಕೆ ಹಿಡಿಯುವುದು ಸಾಮಾನ್ಯ ತಪ್ಪು. ತೋಡಿದ ಮಣ್ಣು ಉಬ್ಬಿರುತ್ತದೆ, ಕಲ್ಲಿನ ಪಾಲು ಇರುವುದಕ್ಕಿಂತ ಕಡಿಮೆ ತೋರುತ್ತದೆ.

ಜರಡಿಯಿಂದ ಇಳಿದ ಮಣ್ಣನ್ನು ಹಿಡಿ ತೋಯಿಸಿ ಉಂಡೆ ಕಟ್ಟಿ. ಉಂಡೆಯಾಗಿಯೂ ಮುಟ್ಟಿದ ಕೂಡಲೇ ಉದುರಿಹೋದರೆ ಬಹುಪಾಲು ಉಸುಕು, ಪ್ರತಿ ಸೆಂ.ಮೀ. ಆಳಕ್ಕೆ ಗಿಡಕ್ಕೆ ಸಿಗುವ ನೀರು ಸುಮಾರು 0.7 ಮಿ.ಮೀ. ಹೆಬ್ಬೆರಳಿನಿಂದ ಒತ್ತಿದಾಗ ಒಂದಿಂಚಿನೊಳಗೆ ಮುರಿಯುವ ಪಟ್ಟಿ ಬಂದರೆ ಮರಳುಗೋಡು (ಉಸುಕಿನ ಜೊತೆ ತುಸು ಜೇಡಿ ಬೆರೆತ ಮಣ್ಣು), ಸುಮಾರು 1.1 ಮಿ.ಮೀ. ಇನ್ನು ಲೆಕ್ಕ ಸುಲಭ: ಆಳ ಗುಣಿಸು ಈ ಅಂಕಿ, ಅದರಲ್ಲಿ ಕಲ್ಲಿನ ಪಾಲು ಕಳೆ. 25 ಸೆಂ.ಮೀ. ಮರಳುಗೋಡು, ಶೇ. 30 ಕಲ್ಲು ಎಂದಾದರೆ 25 × 1.1 × 0.7, ಅಂದರೆ 19 ಮಿ.ಮೀ.

ಈ 19ರ ಅರ್ಥ ಸರಿಯಾಗಿ ತಿಳಿದರೆ ಗುಡ್ಡ ಅರ್ಥವಾದಂತೆ. ಹಸಿರು ಹೊದಿಕೆ ತುಂಬಿದ ನೆಲ ಗಾಳಿ-ಬಿಸಿಲಿನ ದಿನ 4–5 ಮಿ.ಮೀ. ನೀರು ಎಳೆಯುತ್ತದೆ. ಹಾಗಾಗಿ ಮಣ್ಣು ತುಂಬ ತೊಯ್ದರೂ ನಾಲ್ಕೈದು ದಿನಕ್ಕೆ ಖಾಲಿ. ಮೀಟರ್ ಆಳದ ಎರೆಹೊಲ 150 ಮಿ.ಮೀ.ಗೂ ಹೆಚ್ಚು ಹಿಡಿದಿಟ್ಟು ಹಿಂಗಾರು ಜೋಳ ಬೆಳೆಸುತ್ತದೆ. ಈ ಭಾಗಕ್ಕೆ ವರ್ಷಕ್ಕೆ ಬೀಳುವ 550–600 ಮಿ.ಮೀ. ಮಳೆ ಎರಡಕ್ಕೂ ಒಂದೇ, ಗಡಿಗೆ ಮಾತ್ರ ಬೇರೆ. 19 ಮಿ.ಮೀ. ಹಿಡಿಯುವ ಗಡಿಗೆಗೆ 40 ಮಿ.ಮೀ. ಸುರಿದರೆ ಅರ್ಧ ಚೆಲ್ಲಲೇಬೇಕು. ಚೆಲ್ಲಿದ್ದು ಬಂಡೆಯ ಸೀಳಿಗೆ ಇಳಿಯುವುದೋ, ಹಳ್ಳಕ್ಕೆ ಹೋಗುವುದೋ ಎಂಬುದರ ಮೇಲೆ ಮರ ಉಳಿಯುವುದು ನಿಂತಿದೆ.

ಸೀಳು ಹುಡುಕುವುದು

ಇದಕ್ಕೆ ಹೊತ್ತು ಮಾರ್ಚ್–ಏಪ್ರಿಲ್. ಹುಲ್ಲು ಒಣಗಿ, ಎಲೆ ಉದುರಿ, ಗುಡ್ಡ ಬರಿದಾದಾಗ ಎದುರಿನ ಎತ್ತರದಿಂದ ನೋಡಿ. ಇನ್ನೂ ಹಸಿರಾಗಿರುವ ಅತ್ತಿ, ಬಸರಿ, ಬೇವು, ಕಮರದ ಮರಗಳು ಚೆಲ್ಲಾಪಿಲ್ಲಿಯಾಗಿರುವುದಿಲ್ಲ, ಗೆರೆಗೆರೆಯಾಗಿ ನಿಂತಿರುತ್ತವೆ. ಆ ಗೆರೆಗಳೇ ಸೀಳು. ಸಾಮಾನ್ಯವಾಗಿ ಎರಡು ದಿಕ್ಕಿನ ಗೆರೆಗಳು ಒಂದನ್ನೊಂದು ಕತ್ತರಿಸುತ್ತವೆ, ಕತ್ತರಿಸುವ ಬಿಂದುವೇ ಎಲ್ಲಕ್ಕಿಂತ ಒಳ್ಳೆಯ ಜಾಗ. ಬರಿ ಬಂಡೆಯ ಮೇಲೆ ಕಾಣುವ ಸೀಳಿನ ದಿಕ್ಕನ್ನು ಹಗ್ಗ ಹಿಡಿದು ಮಣ್ಣಿರುವ ಕಡೆಗೆ ಮುಂದುವರಿಸಿ, ಆ ಗೆರೆಯ ಮೇಲೆ ಪ್ರತಿ ಎರಡು ಅಡಿಗೆ ಸರಳು ಚುಚ್ಚುತ್ತ ಹೋಗಿ, ಸುಣ್ಣದ ಪುಡಿಯಿಂದ ಗುರುತು ಹಾಕಿ.

ಕಂಡ ಸೀಳೆಲ್ಲ ಆಳದ್ದಲ್ಲ. ಸೀಳಿನ ಬಾಯಿಯ ಸುತ್ತ ಹಸಿಮಣ್ಣಿನ ಒಡ್ಡು ಕಟ್ಟಿ ಒಂದು ಕೊಡ ನೀರು ಸುರಿಯಿರಿ, ಇಳಿದ ಮೇಲೆ ಇನ್ನೊಂದು ಕೊಡ. ಎರಡನೆಯದೂ ಮೊದಲಿನಷ್ಟೇ ಬೇಗ ಇಳಿದರೆ ಬಾಯಿ ತೆರೆದ ಸೀಳು. ಮೊದಲನೆಯದು ಇಳಿದು ಎರಡನೆಯದು ನಿಂತರೆ ಅದು ತಳ ಮುಚ್ಚಿದ ಬೊಗಸೆ, ಒಂದು ಪೊದೆಗೆ ಸಾಕು, ಮರಕ್ಕೆ ಸಾಲದು. ಅಂಚಿನ ಗೋಡೆಗೆ ಹತ್ತಿರದ ಅಗಲವಾದ ಸೀಳುಗಳನ್ನು ಬಿಟ್ಟುಬಿಡಿ. ಅಲ್ಲಿ ನೀರು ಸೀದಾ ಹೊರಗೆ ಹೋಗುತ್ತದೆ, ಸಡಿಲ ಬಂಡೆಯ ಅಪಾಯ ಬೇರೆ.

ನೀರು ತಡೆಯುವುದು

ಇಂಥ ಕಡೆ ಸಮಪಾತಳಿ ಟ್ರೆಂಚ್ (ಇಳಿಜಾರಿಗೆ ಅಡ್ಡಲಾಗಿ ಒಂದೇ ಮಟ್ಟದಲ್ಲಿ ತೆಗೆಯುವ ಕಾಲುವೆ) ತೋಡಬೇಡಿ. ಮಣ್ಣು 30 ಸೆಂ.ಮೀ.ಗಿಂತ ತೆಳುವಾಗಿದ್ದರೆ ಟ್ರೆಂಚ್ ಎಂದರೆ ಇದ್ದ ಮಣ್ಣನ್ನೂ ಅಗೆದು ಬದಿಗೆ ರಾಶಿ ಹಾಕಿ ಬಂಡೆ ಬಯಲು ಮಾಡಿದಂತೆ. ಉಸುಕುಮಣ್ಣಿನ ಒಡ್ಡು ಮೊದಲ ದೊಡ್ಡ ಮಳೆಗೇ ಕಿತ್ತುಕೊಳ್ಳುತ್ತದೆ, ಕಿತ್ತ ಕಡೆ ನೀರೆಲ್ಲ ಒಟ್ಟಾಗಿ ಕೊರಕಲು ಬೀಳುತ್ತದೆ. ಇಲ್ಲಿಗೆ ತಕ್ಕದ್ದು ಕಲ್ಲಿನ ಸಾಲು. ಅದು ನೀರನ್ನು ಪೂರ್ತಿ ತಡೆಯದೆ, ಸೋಸಿ ನಿಧಾನ ಮಾಡಿ, ಮಣ್ಣನ್ನು ಮಾತ್ರ ಹಿಡಿಯುತ್ತದೆ. ಹಾಗಾಗಿ ಕೋಡಿಯೂ ಬೇಕಿಲ್ಲ.

ಮಟ್ಟ ಹಿಡಿಯಲು ಗೌಂಡಿಗಳ ನೀರಿನ ಪೈಪು ಸಾಕು. ಸಾಲಿನಿಂದ ಸಾಲಿಗೆ 75 ಸೆಂ.ಮೀ. ಇಳಿತ ಇರಲಿ, ಅಂದರೆ ಶೇ. 5 ಇಳಿಜಾರಿನಲ್ಲಿ 15 ಮೀಟರ್ ಅಂತರ. ಗೆರೆಯುದ್ದಕ್ಕೂ 5–10 ಸೆಂ.ಮೀ. ಮಣ್ಣು ಕೆರೆದು ದೊಡ್ಡ ಕಲ್ಲನ್ನು ಅಲುಗದಂತೆ ಕೂರಿಸಿ, ಮೇಲಿನ ಬದಿಗೆ ಸಣ್ಣ ಕಲ್ಲು, ಅದರ ಸಂದಿಗೆ ಕರಡ ಹುಲ್ಲಿನ ಬುಡ ಅಥವಾ ಒಣಹುಲ್ಲು ತುರುಕಿ. ತಳ 50, ನೆತ್ತಿ 30, ಎತ್ತರ 30 ಸೆಂ.ಮೀ. ಇದ್ದರೆ ಮೀಟರಿಗೆ 0.12 ಘನ ಮೀಟರ್ ಕಲ್ಲು ಬೇಕು. ಎಕರೆಗೆ ನಾಲ್ಕು ಸಾಲು, ಸುಮಾರು 260 ಮೀಟರ್, 31 ಘನ ಮೀಟರ್ ಕಲ್ಲು. ಕೆರೆಯದೆ ಮಣ್ಣಿನ ಮೇಲೇ ಇಟ್ಟ ಸಾಲಿನ ಕೆಳಗೆ ನೀರು ಸುರಂಗ ಮಾಡುತ್ತದೆ. ಸಾಲು ಕೆಡುವುದು ಹೆಚ್ಚಾಗಿ ಹೀಗೆಯೇ.

ಕಲ್ಲು ಎಲ್ಲಿಂದ ತರುವುದು ಎಂಬುದೂ ಮುಖ್ಯ. ಮಣ್ಣಿನ ಮೇಲೆ ಹರಡಿರುವ ಅಂಗೈಯಗಲದ ಕಲ್ಲುಗಳನ್ನು ಆರಿಸಬೇಡಿ, ಅವು ಮಳೆಹನಿಯ ಹೊಡೆತ ತಡೆದು ತೇವ ಉಳಿಸುವ ಹೊದಿಕೆ. ಅವನ್ನು ಆರಿಸಿ ‘ಸ್ವಚ್ಛ’ ಮಾಡಿದ ನೆಲ ಒಂದೇ ಮಳೆಗಾಲದಲ್ಲಿ ಹೆಪ್ಪುಗಟ್ಟುತ್ತದೆ. ಮಣ್ಣಿನ ಮೇಲಿನ ಕಪ್ಪು ಪಾಚಿಯ ಪದರವೂ ಹಾಗೆಯೇ, ಉಸುಕನ್ನು ಕಟ್ಟಿಹಿಡಿದಿರುವುದು ಅದೇ. ಓಡಾಟಕ್ಕೆ ಒಂದೇ ಕಾಲುದಾರಿ ಇಟ್ಟುಕೊಳ್ಳಿ. ಉರುಳುಗಲ್ಲಿನ ರಾಶಿಯಿಂದ ತನ್ನಿ, ಅದೂ ಹಾರೆಯಿಂದ ಮೀಟಿ, ಕೆಳಗೆ ಚೇಳು-ಹಾವು ನೋಡಿಕೊಂಡು. ವೃತ್ತಾಕಾರದ ಹಳೆಯ ಕಲ್ಲುಗುಂಪು, ನಿಲ್ಲಿಸಿದ ಚಪ್ಪಡಿಗಳ ತಂಟೆಗೆ ಹೋಗಬೇಡಿ. ಐಹೊಳೆಯ ಮೇಗುತಿ ಗುಡ್ಡದಲ್ಲಿರುವಂಥ ಬೃಹತ್ ಶಿಲಾ ಸಮಾಧಿಗಳು ಈ ಸೀಮೆಯಲ್ಲಿವೆ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಅರಣ್ಯ ಇಲಾಖೆಯ ನೆಲವಾದರೆ ಗುದ್ದಲಿ ಹಾಕುವ ಮೊದಲೇ ಅನುಮತಿ.

ಬರಿ ಬಂಡೆಯ ಕೆಳಅಂಚಿನಲ್ಲಿ ಎರಡು ಮೀಟರ್ ತ್ರಿಜ್ಯದ ಅರ್ಧಚಂದ್ರದ ಕಲ್ಲುಕಟ್ಟೆ ಒಳ್ಳೆಯದು. ಎಷ್ಟು ಬಂಡೆಯ ನೀರನ್ನು ಅದಕ್ಕೆ ತಿರುಗಿಸಬೇಕು ಎಂಬಲ್ಲಿ ಜನ ಎಡವುತ್ತಾರೆ. ಒಳಗಿನ ಜಾಗ 6 ಚದರ ಮೀಟರಿಗೆ ತುಸು ಹೆಚ್ಚು. 20 ಮಿ.ಮೀ. ಮಳೆ ನೇರವಾಗಿ ಬಿದ್ದರೇ ಅಲ್ಲಿನ 19 ಮಿ.ಮೀ. ಗಡಿಗೆ ತುಂಬುತ್ತದೆ, ಬಂಡೆಯಿಂದ ಬಂದದ್ದೆಲ್ಲ ಚೆಲ್ಲುತ್ತದೆ. ಬಂಡೆಯ ನೀರು ನೆರವಾಗುವುದು 8–10 ಮಿ.ಮೀ. ತುಂತುರಿಗೆ: 12 ಚದರ ಮೀಟರ್ ಬಂಡೆ 8 ಮಿ.ಮೀ. ಮಳೆಗೆ ಸುಮಾರು 60 ಲೀಟರ್ ಇಳಿಸಿ ಮಳೆಯನ್ನು ಎರಡು ಪಟ್ಟು ಮಾಡುತ್ತದೆ. ಹಾಗಾಗಿ ಸೀಳಿಲ್ಲದ ಕಡೆ ಗಿಡದ ಜಾಗದ ಎರಡು ಪಟ್ಟು ಬಂಡೆ ಸಾಕು. ಕಟ್ಟೆಯೊಳಗೆ ಬಾಯಿತೆರೆದ ಸೀಳಿದ್ದರೆ ಎಂಟು-ಹತ್ತು ಪಟ್ಟೂ ಹೆಚ್ಚಲ್ಲ.

ಗಿಡ

ಹತ್ತು ಸೆಂ.ಮೀ.ಗಿಂತ ತೆಳುವಾದ ಜಾಗವನ್ನು ಬಿಟ್ಟುಬಿಡಿ. ಅಲ್ಲಿನ ಹುಲ್ಲು, ಪಾಚಿ ತಮ್ಮ ಕೆಲಸ ಮಾಡುತ್ತಿವೆ. 10–25ರಲ್ಲಿ ಬಂದರಿಕೆ, ಆವರಿಕೆ, ಕಾರೆ. 25–50ರಲ್ಲಿ ತುಗ್ಗಲಿ, ಬಾರಿ, ಸೀತಾಫಲ. ಕಮರ, ದಿಂಡಿಗ, ಬೇವು ಇವಕ್ಕೆ ಸೀಳು ಅಥವಾ ಉರುಳುಗಲ್ಲಿನ ನಡುವಿನ ಮಣ್ಣು ಬೇಕು. ಬಳ್ಳಾರಿ ಜಾಲಿ ಬೇಗ ಹಸಿರು ತೋರಿಸುತ್ತದೆ ಎಂದು ಬೀಜ ಎರಚುವುದು ನಮ್ಮ ಪ್ರಕಾರ ಶುದ್ಧ ಅವಿವೇಕ. ಅದು ಬುಡದ ಹೊಲಕ್ಕಿಳಿದ ಮೇಲೆ ತೆಗೆಯುವ ಖರ್ಚು ರೈತನದ್ದು.

ಒಂದೂವರೆ ಅಡಿ ಚೌಕದ ಗುಂಡಿ ತೋಡಿ ಮೂರಡಿ ಸಸಿ ಇಡುವ ಪದ್ಧತಿ ಇಲ್ಲಿ ಕೈಕೊಡುತ್ತದೆ. ಯಂತ್ರದಿಂದ ಬಂಡೆ ಕೊರೆದು ಮಾಡಿದ ಗುಂಡಿ ತಳವಿರುವ ಕುಂಡ. ಸೆಪ್ಟೆಂಬರ್ ಮಳೆಗೆ ನೀರು ನಿಂತು ಬೇರು ಕೊಳೆಯುತ್ತದೆ, ಫೆಬ್ರುವರಿಗೆ ಅದೇ ಗುಂಡಿ ಒಲೆಯಾಗುತ್ತದೆ. ಗಿಡ ಎರಡು-ಮೂರು ವರ್ಷ ಚೆನ್ನಾಗಿಯೇ ಕಾಣುತ್ತದೆ, ಬೇರು ಗೋಡೆ ಮುಟ್ಟಿದ ಮೇಲೆ ಒಣಗುತ್ತದೆ. ಗುಂಡಿಗೆ ಎರೆಮಣ್ಣು ತುಂಬಿದರೆ ಇನ್ನೂ ಕಷ್ಟ. ಒಣಗಿದಾಗ ಅದು ಕುಗ್ಗಿ ಸುತ್ತಲಿನ ಉಸುಕಿನಿಂದ ಬೇರ್ಪಟ್ಟು ಬಿರುಕು ಬಿಡುತ್ತದೆ, ಬೇರು ಎರೆಯೊಳಗೇ ಸುತ್ತುತ್ತದೆ. ಕೆರೆಯ ಹೂಳು ಬಳಸುವುದಾದರೆ ಅಲ್ಲಿನದೇ ಮಣ್ಣಿನ ಐದು ಪಾಲಿಗೆ ಒಂದು ಪಾಲು ಬೆರೆಸಿ. ಇಡೀ ಎಕರೆಗೆ ಒಂದಿಂಚು ಹೂಳು ಎಂದರೆ 100 ಘನ ಮೀಟರ್, ಗುಡ್ಡಕ್ಕೆ ಹೊರುವ ಮಾತಲ್ಲ.

ಸೀಳಿಗೆ ನೇರ ಬೀಜ ಹಾಕುವುದೇ ಮೇಲು. ಕಮರದ ರೆಕ್ಕೆಬೀಜ ಬೇಸಿಗೆಯಲ್ಲಿ ಬಲಿಯುತ್ತದೆ, ಯಾವ ಉಪಚಾರವೂ ಬೇಡ, ಬೇಗ ಮೊಳೆತು ತಾಯಿಬೇರನ್ನು ಸೀದಾ ಕೆಳಗೆ ಕಳಿಸುತ್ತದೆ. ಆದರೆ ಪ್ರತಿ ವರ್ಷ ತುಂಬ ಬೀಜ ಬಿಡುವ ಮರವಲ್ಲ, ಬಿಟ್ಟ ವರ್ಷ ಸಂಗ್ರಹಿಸಿ ಅದೇ ಮಳೆಗಾಲಕ್ಕೆ ಬಿತ್ತಿ. ತುಗ್ಗಲಿ, ಆವರಿಕೆಯ ಬೀಜದ ಸಿಪ್ಪೆ ಗಟ್ಟಿ. ಕುದಿಸಿ ಒಲೆಯಿಂದ ಇಳಿಸಿದ ನೀರಿಗೆ ಹಾಕಿ ರಾತ್ರಿಯಿಡೀ ಬಿಡಿ, ಉಬ್ಬದ ಬೀಜಕ್ಕೆ ಮತ್ತೊಮ್ಮೆ ಅದೇ ಉಪಚಾರ.

ಮೊದಲ ಮಳೆಗೇ ಬಿತ್ತಬೇಡಿ. ತೇವ ಒಂದು ಬೆರಳುದ್ದಕ್ಕಿಂತ ಕೆಳಗೆ ಇಳಿದಿರಬೇಕು. ಮೇಲಿನ ಒಂದಿಂಚು ಮಾತ್ರ ತೊಯ್ದಾಗ ಮೊಳೆತ ಸಸಿ ಮುಂದಿನ ಬಿಸಿಲಿಗೆ ಸಾಯುತ್ತದೆ. ಬಿಂದುವಿಗೆ 3–4 ಬೀಜ, 1–2 ಸೆಂ.ಮೀ. ಆಳ, ಸುತ್ತ ಚಪ್ಪಟೆ ಕಲ್ಲು, ಪಶ್ಚಿಮದ ಬದಿಗೆ ಒಂದು ಎತ್ತರದ ಕಲ್ಲು ನೆರಳಿಗೆ, ಮೇಲೆ ಜಾಲಿಮುಳ್ಳು ಆಡಿನ ಬಾಯಿಗೆ. ಎರಡನೆಯ ಮಳೆಗಾಲದಲ್ಲಿ ಗಟ್ಟಿಯಾದ ಒಂದನ್ನು ಉಳಿಸಿ ಉಳಿದವನ್ನು ಕತ್ತರಿಸಿ, ಕೀಳಬೇಡಿ, ಬೇರುಗಳು ಹೆಣೆದುಕೊಂಡಿರುತ್ತವೆ. ಕಮರದ ಸಸಿ ಮೊದಲ ವರ್ಷಗಳಲ್ಲಿ ಮೇಲೆ ಬೆಳೆಯದೆ ಕೂತಂತೆ ಕಂಡರೆ ಗಾಬರಿ ಬೇಡ, ಕೆಲಸ ನಡೆಯುತ್ತಿರುವುದು ಕೆಳಗೆ. ಸಸಿಯನ್ನೇ ಇಡಬೇಕೆಂದರೆ ಉದ್ದ ಚೀಲದಲ್ಲಿ ಬೆಳೆಸಿದ, ಆರು ತಿಂಗಳು ಮೀರದ ಗಿಡ ತನ್ನಿ, ತಳದಲ್ಲಿ ಬೇರು ಸುರುಳಿಯಾಗಿದ್ದರೆ ಆ ಭಾಗ ಕತ್ತರಿಸಿ ಇಡಿ.

ಬುಡದ ಮಸಾರಿ ಮತ್ತು ಮಣ್ಣಿನ ವರದಿ

ಗುಡ್ಡದ ಬುಡದಲ್ಲಿ ಮಣ್ಣು 40–50 ಸೆಂ.ಮೀ. ಮುಟ್ಟಿದರೆ ಮುಂಗಾರಿನ ಅಲ್ಪಾವಧಿ ಬೆಳೆ ಬರುತ್ತದೆ: ಹೆಸರು, ನವಣೆ, ಸಜ್ಜೆ, ಕೊನೆಗೆ ಬಿತ್ತಲು ಹುರಳಿ. ಹಿಂಗಾರು ಬಿಳಿಜೋಳವನ್ನು ಇಲ್ಲಿ ಹಾಕುವುದು ಬೀಜ ಕಳೆದುಕೊಂಡಂತೆ, ಅದು ಮಣ್ಣಿನ ಆಳದಲ್ಲಿ ನಿಂತ ತೇವದ ಮೇಲೆ ಬರುವ ಬೆಳೆ. ಯೂರಿಯಾ ಒಮ್ಮೆಗೇ ಸುರಿದರೆ ಮೊದಲ ಮಳೆಗೆ ಬೇರಿನಿಂದ ಕೆಳಗೆ ಇಳಿದುಹೋಗುತ್ತದೆ. ಎರಡು-ಮೂರು ಕಂತು ಮಾಡಿ. ಬೇಸಿಗೆಯಲ್ಲಿ ಕುರಿ ತರುಬುವುದು (ಹೊಲದಲ್ಲಿ ಕುರಿಮಂದೆ ನಿಲ್ಲಿಸುವುದು) ಈ ಮಣ್ಣಿಗೆ ಸಿಗುವ ಅಗ್ಗದ, ಒಳ್ಳೆಯ ಗೊಬ್ಬರ. ನೆತ್ತಿಯಲ್ಲಿ ಮಾತ್ರ ಕುರಿ ನಿಲ್ಲಿಸಬೇಡಿ, ಗೊರಸಿಗೆ ಪಾಚಿಯ ಪದರ ಪುಡಿಯಾಗುತ್ತದೆ.

ಮಣ್ಣು ಪರೀಕ್ಷೆಗೆ ಕೊಡುವಾಗ ನೆತ್ತಿ, ಉರುಳುಗಲ್ಲು, ಬುಡ ಮೂರರ ಮಾದರಿಯನ್ನೂ ಬೇರೆಬೇರೆ ಕೊಡಿ, ಒಂದೊಂದಕ್ಕೂ 8–10 ಕಡೆಯಿಂದ ತೆಗೆದು ಬೆರೆಸಿದ ಅರ್ಧ ಕಿಲೋ. ವರದಿಯಲ್ಲಿ ಹೆಕ್ಟೇರಿಗೆ ಇಷ್ಟು ಕಿಲೋ ಎಂದು ಬರುವ ಅಂಕಿಗಳು 15 ಸೆಂ.ಮೀ. ಆಳದ, ಕಲ್ಲಿಲ್ಲದ, ಹೆಕ್ಟೇರಿಗೆ 22.4 ಲಕ್ಷ ಕಿಲೋ ತೂಗುವ ಮಣ್ಣನ್ನು ಊಹಿಸಿ ಹಾಕಿದ ಲೆಕ್ಕ. ಪ್ರಯೋಗಾಲಯ ಕಲ್ಲನ್ನು ಜರಡಿ ಹಿಡಿದು ಎಸೆದಿರುತ್ತದೆ. ನಿಮ್ಮ ಮಣ್ಣು 10 ಸೆಂ.ಮೀ. ಆಳ, ಶೇ. 40 ಕಲ್ಲು ಇದ್ದರೆ ವರದಿಯ ಅಂಕಿಯನ್ನು 0.4ರಿಂದ ಗುಣಿಸಿ ಓದಿ. ಪೊಟ್ಯಾಷ್ 200 ಎಂದು ಬರೆದಿದ್ದರೆ ನೆಲದಲ್ಲಿರುವುದು 80.